ಅಪ್‌ಡೇಟ್: ಕಾಫಿ ಪೌಚ್ ಸಪ್ಲೈಯರ್ ಜೊತೆಗಿನ ತಕರಾರು ಬಗೆಹರಿಯಿತು

ಕುಶಾಲನಗರದ ನಮ್ಮ ಕಾಫಿಪುಡಿ ಯೂನಿಟ್‌ಗೆ ಬಂದ ಪೌಚ್‌ಗಳ ಸೀಲ್ ಬಿಡುತ್ತಿದೆ, ಸಪ್ಲೈಯರ್ ಪೂರ್ತಿ ದುಡ್ಡು ಕೇಳುತ್ತಿದ್ದಾರೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದು ಮುಗಿಯಿತು. ವಕೀಲರ ನೋಟಿಸ್ ಸುಮ್ನೆ ಖರ್ಚು. ಅತ್ತಿಂದಲೂ ಒಂದು ನೋಟಿಸ್ ಬಂತು, ಅಷ್ಟೇ. ಕೆಲಸಕ್ಕೆ ಬಂದದ್ದು 'ಒಪ್ಪಿದ ಸ್ಯಾಂಪಲ್ ಪಕ್ಕದಲ್ಲಿಟ್ಟು ಇಬ್ಬರೂ ಒಟ್ಟಿಗೆ ಟೆಸ್ಟ್ ಮಾಡಿ' ಅಂದವರ ಸಲಹೆ. ಕೆಟ್ಟ ಲಾಟ್ ವಾಪಸ್ ಹೋಯಿತು, ಉಳಿದದ್ದಕ್ಕೆ ದುಡ್ಡು ಕೊಟ್ಟೆವು.

ನನಗೆ ಗೊತ್ತೇ ಇರಲಿಲ್ಲ: ಸಪ್ಲೈಯರ್ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ಘಟಕವಾದರೆ, 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಮಾಲಿನ ತಕರಾರನ್ನು ಡೆಲಿವರಿ ಆದ 15 ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ಇಲ್ಲದಿದ್ದರೆ ಡೆಲಿವರಿ ದಿನವೇ ಒಪ್ಪಿಕೊಂಡ ಲೆಕ್ಕ. ಒಪ್ಪಂದದಲ್ಲಿ ಏನೇ ಇರಲಿ, ಪಾವತಿ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ! ಪುಣ್ಯಕ್ಕೆ ನಮ್ಮ ತಕರಾರಿನ ಇಮೇಲ್ ಬೇಗ ಹೋಗಿತ್ತು.

ಈಗ ಪ್ರತಿ ಸಪ್ಲೈಯರ್‌ನ ತಡ, ರಿಜೆಕ್ಷನ್ ಎರಡನ್ನೂ ಎಕ್ಸೆಲ್‌ನಲ್ಲಿ ಹಾಕುತ್ತಿದ್ದೇವೆ. ರೇಟ್ ಕಡಿಮೆ ಇದ್ದವರೇ ಜಾಸ್ತಿ ದುಬಾರಿ ಬೀಳುತ್ತಿದ್ದಾರೆ ಮಾರಾಯ್ರೆ.