ಸ್ವಿಂಗ್ ನುಡಿಸೋಕೆ ಕೂತರೆ ಜಂಬೂಸವಾರಿ ಹೊರಡುತ್ತದೆ, ಏನು ಮಾಡೋದು?

ಸರಸ್ವತಿಪುರಂ ಕ್ಲಾರಿನೆಟ್:
ಮೈಸೂರಲ್ಲಿ ನಾವು ಆರು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ನಮ್ಮ ಮನೆ ತಾರಸಿ ಮೇಲೆ ಪ್ರಾಕ್ಟೀಸ್. ಆಸೆ ಎಲ್ಲಾ 1930-40ರ ಸ್ವಿಂಗ್ ಜಾಝ್ ಮೇಲೆ, ಬೆನ್ನಿ ಗುಡ್‌ಮನ್, ಕೌಂಟ್ ಬೇಸಿ ಥರದ್ದು. ನಮ್ಮ ಟ್ರಂಪೆಟ್ ಅಣ್ಣ, ಡ್ರಮ್ಸ್ ಅಣ್ಣ ಇಬ್ಬರೂ ಮದುವೆ ಬ್ಯಾಂಡ್ ಸೆಟ್‌ನಲ್ಲಿ ಇಪ್ಪತ್ತು ವರ್ಷ ಪಳಗಿದವರು. ಸ್ವರ ಒಂದೂ ತಪ್ಪೋದಿಲ್ಲ. ಆದರೆ ಅರ್ಧ ನಿಮಿಷದಲ್ಲಿ ಎಲ್ಲಾ ಮಾರ್ಚ್ ಆಗಿಬಿಡುತ್ತದೆ, ಆನೆ ಹಿಂದೆ ನಡೆದ ಹಾಗೆ. ‘ನೋಟ್ಸ್‌ನಲ್ಲಿ ಇರೋದನ್ನೇ ನುಡಿಸ್ತಿದ್ದೀವಲ್ಲ ಸಾರ್’ ಅನ್ನುತ್ತಾರೆ. ಅದೂ ನಿಜವೇ.

ಮೃದಂಗ ಅರ್ಧಕ್ಕೆ ಬಿಟ್ಟವನು:
ನೋಟ್ಸ್ ಮುಚ್ಚಿಡಿ ಸಾರ್ ಮೊದಲು. ಅದರಲ್ಲಿ ಒಂದು ಏಟಿಗೆ ಎರಡು ಸಮ ಅರ್ಧ ಅಂತ ಬರೆದಿರುತ್ತದೆ, ನುಡಿಸೋದು ಹಾಗಲ್ಲ. ನಮ್ಮ ತಿಶ್ರ ನಡೆ ನೆನೆಸಿಕೊಳ್ಳಿ, ಒಂದು ಏಟನ್ನು ಮೂರು ಸಮ ಪಾಲು ಮಾಡೋದು. ಒಂದೊಂದು ಏಟಿಗೂ ತಕಿಟ ಅಂತ ಮನಸ್ಸಲ್ಲೇ ಹೇಳಿಕೊಂಡು, ‘ಕಿ’ ನುಂಗಿ, ‘ತ’ ಮತ್ತು ‘ಟ’ ಮಾತ್ರ ನುಡಿಸಿ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತುಂಬಾ ವೇಗದ ಹಾಡಿಗೆ ಮಾತ್ರ ಇಷ್ಟು ಕಟ್ಟುನಿಟ್ಟು ಬೇಡ, ಅಲ್ಲಿ ಎರಡೂ ಹೆಚ್ಚುಕಡಿಮೆ ಸಮ ಆಗಿಬಿಡುತ್ತವೆ.

ಮಂಡ್ಯ ಡ್ರಮ್ಮರ್:
ತಕಿಟ ಸರಿ ಗುರೂ, ಆದರೆ ರೋಗ ಇರೋದು ಕಾಲಲ್ಲಿ! ಮಾರ್ಚ್‌ನಲ್ಲಿ ನಾಲ್ಕು ಏಟಲ್ಲಿ ಭಾರ ಬೀಳೋದು ಒಂದು, ಮೂರರ ಮೇಲೆ. ಸ್ವಿಂಗ್‌ನಲ್ಲಿ ಹೈ-ಹ್ಯಾಟ್, ಅಂದ್ರೆ ಕಾಲಲ್ಲಿ ಒತ್ತೋ ಜೋಡಿ ತಾಳ, ಮುಚ್ಚೋದು ಎರಡು, ನಾಲ್ಕಕ್ಕೆ. ನಾನೂ ಊರ ಹಬ್ಬದಲ್ಲಿ ಬಾರಿಸಿ ಬಂದವನೇ, ಇದು ಮೈಗೆ ಹತ್ತೋಕೆ ಮೂರು ತಿಂಗಳು ಹಿಡಿಯಿತು, ಅಷ್ಟರಲ್ಲಿ ಮನೆಯವರು ಬೈದದ್ದು ಬೇರೆ. ನಿಮ್ಮ ಅಣ್ಣನಿಗೆ ಒಂದು ವಾರ ಕಾಲಲ್ಲಿ ಬಾರಿಸೋ ಆ ದೊಡ್ಡ ಬಾಸ್ ಡ್ರಮ್ ಮುಟ್ಟಬೇಡಿ ಅನ್ನಿ. ಗಿಟಾರ್‌ನವರು ನಾಲ್ಕೂ ಏಟಿಗೆ ಮೆತ್ತಗೆ ಕಾರ್ಡ್ ಹಿಡಿದರೆ ಸಾಕು. ಬೇಸಿ ಬ್ಯಾಂಡ್‌ಗೆ 1937ರಲ್ಲಿ ಬಂದ ಫ್ರೆಡ್ಡಿ ಗ್ರೀನ್ 1987ರಲ್ಲಿ ತೀರಿಕೊಳ್ಳುವ ತನಕ ಹೆಚ್ಚುಕಡಿಮೆ ಇದೊಂದನ್ನೇ ಮಾಡಿದರು. ಸೋಲೋ ಗೀಲೋ ಅಪರೂಪ.

ಹಳೇ ಮೈಸೂರಿಗ:
ಬ್ಯಾಂಡ್ ಸೆಟ್‌ನವರು ಅಂತ ಕಡೆಗಣಿಸಬೇಡಿ. ನ್ಯೂ ಆರ್ಲಿಯನ್ಸ್‌ನಲ್ಲಿ ಹೆಣದ ಮೆರವಣಿಗೆಗೆ ನುಡಿಸುತ್ತಿದ್ದವರೂ ಇಂಥವರೇ. ಹೋಗುವಾಗ ನಿಧಾನ, ಮಣ್ಣು ಮಾಡಿ ಬರುವಾಗ ಕುಣಿತ. ಜಾಝ್ ಬೆಳೆದದ್ದು ಅಂಥ ಬೀದಿಗಳಲ್ಲಿ. ಇನ್ನು ನಮ್ಮ ಕದ್ರಿ ಗೋಪಾಲನಾಥರು ನಾಗಸ್ವರದವರ ಮನೆಯ ಹುಡುಗ, ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆ ಬ್ಯಾಂಡ್ ಕೇಳಿ. ಕೊನೆಗೆ ಅಮೆರಿಕದ ಜಾಝ್‌ನವರೇ ಅವರನ್ನು ಹುಡುಕಿಕೊಂಡು ಬಂದರು, 2008ರಲ್ಲಿ ರುದ್ರೇಶ್ ಮಹಂತಪ್ಪ ಜೊತೆ ಆಲ್ಬಮ್ಮೇ ಬಂತು.

ಸರಸ್ವತಿಪುರಂ ಕ್ಲಾರಿನೆಟ್:
ಇವತ್ತು ನೋಟ್ಸ್ ಇಲ್ಲದೆ ಬರೀ ತಕಿಟ ಹೇಳಿಸಿದೆ. ‘ಇದು ನಮ್ಮ ತಮಟೆ ಏಟಲ್ವಾ ಸಾರ್, ಮೊದಲೇ ಹೇಳಬಾರದಿತ್ತಾ’ ಅಂದರು ಟ್ರಂಪೆಟ್ ಅಣ್ಣ. ಎರಡು ನಿಮಿಷ ನಿಜವಾಗಲೂ ತೂಗಿತು. ಆಮೇಲೆ ಮತ್ತೆ ಆನೆ ಬಂತು, ಇರಲಿ. ಬಾಸ್ ಡ್ರಮ್ ಪೆಡಲ್ ಬಿಚ್ಚಿ ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ, ಡ್ರಮ್ಸ್ ಅಣ್ಣ ಮುನಿಸಿಕೊಂಡಿದ್ದಾರೆ. ಕೇಳಬೇಕು ಅನ್ನುವವರು ಮುಂದಿನ ಭಾನುವಾರ ಒಂಬತ್ತಕ್ಕೆ ಬನ್ನಿ. ಹನ್ನೊಂದಕ್ಕೆ ಕೆಳಗಿನ ಮನೆ ಅಜ್ಜಿ ಮಲಗುತ್ತಾರೆ, ಅಷ್ಟರಲ್ಲಿ ಮುಗಿಸಬೇಕು.