ಮ್ಯಾನೇಜರ್ ಆದ ಮೇಲೆ ದೇವರ ಮಾತು ಕೆಲಸದಲ್ಲಿ ಆಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಕಾಸರಗೋಡು, ಬಟ್ಟೆ ಅಂಗಡಿ

ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದವಳು ನಾನು. ಈ ವರ್ಷ ಫ್ಲೋರ್ ಮ್ಯಾನೇಜರ್ ಮಾಡಿದ್ದಾರೆ. ಡ್ಯೂಟಿ ಹಾಕುವುದು, ರಜೆ ಕೊಡುವುದು, ಯಾರ ಸಂಬಳ ಏರಿಸಬಹುದು ಅಂತ ಮಾಲೀಕರಿಗೆ ಹೇಳುವುದು ಈಗ ನನ್ನ ಕೆಲಸ. ನಮ್ಮ ಫ್ಲೋರ್‌ನಲ್ಲಿ ಹಿಂದೂಗಳು, ಬ್ಯಾರಿಗಳು, ಮಲಯಾಳ ಮಾತಾಡುವ ಮುಸ್ಲಿಮರು, ಬೇಳ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು ಎಲ್ಲರೂ ಇದ್ದಾರೆ.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ದಿನಾ ಸಹಸ್ರನಾಮ ಓದಲು ಹಿಡಿದೆ. ಆ ಕಷ್ಟ ದಾಟಿಸಿದ್ದು ಅದೇ ಅಂತ ನನಗೆ ಗಟ್ಟಿ ನಂಬಿಕೆ. ಈಗ ನಮ್ಮ ಫ್ಲೋರ್‌ನ ಒಬ್ಬಳು ಹುಡುಗಿ ಮನೆಯ ತಾಪತ್ರಯದಲ್ಲಿ ಕುಗ್ಗಿ ಹೋಗಿದ್ದಾಳೆ. ಅವಳಿಗೆ ಇದನ್ನು ಹೇಳಬೇಕು ಅಂತ ನಾಲಿಗೆ ತುದಿಯವರೆಗೆ ಬರುತ್ತದೆ. ಬೆಳಿಗ್ಗೆ ಸ್ಟಾಫ್ ಗ್ರೂಪಿಗೆ ದೇವರ ಫೋಟೋ ಹಾಕಲಾ ಅಂತಲೂ ಅನಿಸುತ್ತದೆ. ಮನೆಯಲ್ಲಿ ನಮ್ಮ ಯಜಮಾನರು "ಮ್ಯಾನೇಜರ್ ಆದವಳು ಇದೆಲ್ಲ ಬಾಯಿಬಿಡಬಾರದು" ಅನ್ನುತ್ತಾರೆ. ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಬರಬೇಕಾ? ನಿಮ್ಮಲ್ಲಿ ಏನಾಯಿತು, ಹೇಳಿ.

ಬದಿಯಡ್ಕ ಕಡೆಯವರು, ಸಹಕಾರಿ ಸಂಘದ ಸೆಕ್ರೆಟರಿಯಾಗಿದ್ದು ನಿವೃತ್ತರು

ತಂಗೀ, ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಬರುವುದು ನಮ್ಮ ಊರಲ್ಲಿ ಆಗುವ ಕೆಲಸವೇ ಅಲ್ಲ. ವೃಶ್ಚಿಕ ಮಾಸ ಬಂತೆಂದರೆ ಮಾಲೆ ಹಾಕಿದವರು ಕಪ್ಪು ಮುಂಡು ಉಟ್ಟು 41 ದಿನ ಹಾಗೆಯೇ ಕೆಲಸಕ್ಕೆ ಬರುತ್ತಾರೆ. ರಂಜಾನಿನಲ್ಲಿ ಯಾರಿಗೆ ಉಪವಾಸ ಅಂತ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ತಿಳಿಯುತ್ತದೆ. ಮಂಜೇಶ್ವರದ ಹತ್ತಿರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ದೈವ ಮೈಮೇಲೆ ಬರುವ ಪಾತ್ರಿಗಳು ಮಸೀದಿಗೆ ಹೋಗಿ ಕರೆಯುವ ಕ್ರಮ ಉಂಟು. ಆರಿಕ್ಕಾಡಿಯಲ್ಲಿ ಆಲಿ ಅಂತ ಮುಸ್ಲಿಂ ಹೆಸರಿನ ದೈವವೇ ಉಂಟು. ಒಬ್ಬರ ದೇವರ ಸುದ್ದಿ ಇನ್ನೊಬ್ಬರ ಕಿವಿಗೆ ಬಿದ್ದರೆ ಇಲ್ಲಿ ಯಾರೂ ಬೆಚ್ಚಿ ಬೀಳುವುದಿಲ್ಲ. ಹಾಗಾಗಿ ಯಜಮಾನರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ತೊಂದರೆ ಶುರುವಾಗುವುದು ಮ್ಯಾನೇಜರ್ ಏನನ್ನಾದರೂ ಕೇಳಿದಾಗ. ನಾನು ಕಂಡದ್ದರಲ್ಲಿ ದೊಡ್ಡ ತಲೆನೋವು ರಶೀದಿ ಪುಸ್ತಕ. ದೇವಸ್ಥಾನದಲ್ಲಿ ಬ್ರಹ್ಮಕಲಶದ ಉತ್ಸವ ಅಂದರೆ ಒಂದು ಸಮಿತಿ ಆಗುತ್ತದೆ. ಸಮಿತಿಯವರು ಊರಲ್ಲಿ ನಾಲ್ಕು ಜನ ಮಾತು ಕೇಳುವವರ ಕೈಗೆ ಒಂದೊಂದು ರಶೀದಿ ಪುಸ್ತಕ ಕೊಡುತ್ತಾರೆ. ಮಸೀದಿಯ ಕಟ್ಟಡ, ಉರೂಸ್, ಇಗರ್ಜಿಯ ಹಬ್ಬ, ಭಜನಾ ಮಂದಿರದ ವಾರ್ಷಿಕ, ಎಲ್ಲದಕ್ಕೂ ಇದೇ ಕ್ರಮ ಅಲ್ವಾ. ಆ ಪುಸ್ತಕ ಮುಗಿಸಲು ಮೊದಲು ನೆನಪಾಗುವುದು ಆಫೀಸು.

ನಮ್ಮಲ್ಲಿ ನನಗಿಂತ ಮೊದಲು ಇದ್ದವರು ಒಳ್ಳೆಯ ಮನುಷ್ಯ. ಭೇದ ಇಲ್ಲದವರು. ಅವರು ದೇವಸ್ಥಾನದ ರಶೀದಿ ಪುಸ್ತಕ ತರುತ್ತಿದ್ದರು. ಮುಸ್ಲಿಂ ಕ್ಲಾರ್ಕ್ ಮದ್ರಸದ ಪುಸ್ತಕ ತಂದರೆ ಅದಕ್ಕೂ ಮನಸ್ಸಿಟ್ಟು ಕೊಡುತ್ತಿದ್ದರು. ಕೊಟ್ಟದ್ದೂ ಪಡೆದದ್ದೂ ಸಮ ಆಯಿತು ಅಂತ ಅವರಿಬ್ಬರಿಗೂ ಸಮಾಧಾನ. ಆದರೆ ಗುಡಿಸಿ ಒರೆಸುವ ಹೆಂಗಸಿಗೆ ತರಲು ಯಾವ ಪುಸ್ತಕವೂ ಇಲ್ಲ. ಅವಳು ಎರಡಕ್ಕೂ ಕೊಡುತ್ತಿದ್ದಳು. ದೊಡ್ಡ ಸಾರ್ ಕೈಯಾರೆ ರಶೀದಿ ಹರಿದು ಕೊಡುವಾಗ ಅವಳು ಐವತ್ತು ಸಾಕು ಅಂತ ಹೇಳುವುದು ಹೇಗೆ? ಬೇರೆಯವರು ಬರೆಸಿದ ಮೊತ್ತ ಮೇಲಿನ ಎಲೆಯಲ್ಲಿ ಕಾಣುತ್ತದೆ. ತಿಂಗಳ ಕೊನೆಗೆ ಅವಳೇ ನನ್ನ ಹತ್ತಿರ ಸಾಲ ಕೇಳಲು ಬಂದಾಗ ನನಗೆ ಹೊಟ್ಟೆ ಉರಿಯಿತು.

ನಾನು ಸೆಕ್ರೆಟರಿ ಆದ ಮೇಲೆ ಒಂದು ಕ್ರಮ ಮಾಡಿದೆ. ಯಾವ ರಶೀದಿ ಪುಸ್ತಕವೂ ಕೌಂಟರಿನಿಂದ ಒಳಗೆ ಬರಬಾರದು. ಆಮಂತ್ರಣ ಪತ್ರಿಕೆಯನ್ನು ಬೋರ್ಡಿಗೆ ಹಾಕಬಹುದು, ಕೊಡಬೇಕು ಅನಿಸಿದವರು ಆಯಾ ಸಮಿತಿಯ ಆಫೀಸಿಗೇ ಹೋಗಿ ಕೊಡಲಿ. "ನೀವೇ ಹೀಗೆ ಮಾಡಿದರೆ ಹೇಗೆ?" ಅಂತ ನಮ್ಮ ಊರಿನ ದೇವಸ್ಥಾನದವರೇ ಬೇಜಾರು ಮಾಡಿಕೊಂಡರು. ನನ್ನ ಪಾಲನ್ನು ದೇವಸ್ಥಾನದ ಕೌಂಟರಿನಲ್ಲೇ ಕೊಟ್ಟೆ, ಕರಸೇವೆಗೂ ಹೋದೆ. ಸ್ಟಾಫಿನಲ್ಲಿ ಕೆಲವರು ಮೊದಲಿಗಿಂತ ಜಾಸ್ತಿ ಕೊಟ್ಟರು ಅಂತ ಆಮೇಲೆ ಕೇಳಿದೆ. ಕೊಡದವರು ಯಾರು ಅಂತ ಯಾರಿಗೂ ಗೊತ್ತಾಗಲಿಲ್ಲ. ನನಗೆ ಬೇಕಾದದ್ದು ಅದೇ.

ಇನ್ನು ಆ ಹುಡುಗಿಯ ವಿಷಯ. ಮೊದಲು ಮ್ಯಾನೇಜರ್ ಆಗಿ ಕೊಡಲು ಸಾಧ್ಯ ಇರುವುದನ್ನು ಕೊಡಿ. ಡ್ಯೂಟಿ ಸಮಯ ಬದಲು ಮಾಡಿ, ರಜೆ ಕೊಡಿ, ಅಡ್ವಾನ್ಸ್ ಬೇಕಾದರೆ ಮಾಲೀಕರ ಹತ್ತಿರ ನೀವೇ ಮಾತಾಡಿ. ಸಹಸ್ರನಾಮ ಅವಳಿಗೆ ಅಜ್ಜಿಯೂ ಹೇಳಿಕೊಟ್ಟಾರು. ರಜೆ ಕೊಡಲು ನಿಮ್ಮಿಂದ ಮಾತ್ರ ಆಗುತ್ತದೆ. ಅವಳೇ "ಅಕ್ಕಾ, ನಿಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹೇಗೆ ತಡೆದುಕೊಂಡಿರಿ?" ಅಂತ ಕೇಳಿದರೆ ಆಗ ಮನಸ್ಸು ಬಿಚ್ಚಿ ಹೇಳಿ, ಮುಚ್ಚುಮರೆ ಬೇಡ. ನಿಮಗೆ ಏನಾಯಿತೋ ಅಷ್ಟು ಹೇಳಿ ನಿಲ್ಲಿಸಿ. ಮರುದಿನ "ಓದಿದೆಯಾ?" ಅಂತ ಮಾತ್ರ ಕೇಳಲೇಬೇಡಿ. ಆ ಒಂದು ಪ್ರಶ್ನೆ ಬಂದರೆ ಅಕ್ಕನ ಮಾತು ಮ್ಯಾನೇಜರ್ ಕೊಟ್ಟ ಕೆಲಸ ಆಗಿಬಿಡುತ್ತದೆ.

ಉಪ್ಪಳದವರು, ದುಬೈಯಲ್ಲಿ ಸೂಪರ್ ಮಾರ್ಕೆಟ್ ಸೂಪರ್‌ವೈಸರ್ ಆಗಿದ್ದವರು

ಅಣ್ಣ ಹೇಳಿದ್ದು ಸರಿ. ನನ್ನದೂ ಸ್ವಲ್ಪ ಸೇರಿಸುತ್ತೇನೆ.

ನಾನು ಐದು ಹೊತ್ತು ನಮಾಜ್ ಮಾಡುವವನು. ನನ್ನ ಕೈಕೆಳಗೆ ನೇಪಾಳದವರು, ಫಿಲಿಪ್ಪೀನ್ಸ್‌ನವರು, ನಮ್ಮ ಊರಿನವರು ಇದ್ದರು. ಮೊದಲ ದಿನವೇ ಎಲ್ಲರಿಗೂ ಹೇಳುತ್ತಿದ್ದೆ, "ಈ ಹೊತ್ತಿಗೆ ನಾನು ನಮಾಜಿಗೆ ಹೋಗುತ್ತೇನೆ, ಆಗ ಕೌಂಟರ್ ಇಂಥವರು ನೋಡುತ್ತಾರೆ. ನಿಮಗೂ ಹೀಗೆ ಏನಾದರೂ ಇದ್ದರೆ ಹೇಳಿ." ಅದನ್ನು ಕೇಳಿದ ಮೇಲೆ ಫಿಲಿಪ್ಪೀನ್ಸ್‌ನ ಒಬ್ಬಳು ಪೂಜೆಗೆ, ಅಂದರೆ ಅವರ ಚರ್ಚಿನ ಪೂಜೆಗೆ, ಹೋಗಲು ಡ್ಯೂಟಿ ಬದಲು ಮಾಡಿ ಕೊಡಬಹುದಾ ಅಂತ ಕೇಳಿದಳು. ಅದುವರೆಗೆ ಹೆದರಿ ಸುಮ್ನೆ ಇದ್ದಳಂತೆ. ನಾನು ನನ್ನದನ್ನು ಅಡಗಿಸಿ ಇಟ್ಟಿದ್ದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ನಂಬಿಕೆ ಇರುವ ಮ್ಯಾನೇಜರ್‌ನಿಂದ ಇಂಥ ಉಪಕಾರವೂ ಉಂಟು.

ಇನ್ನೊಂದು ಮಾತು. ಒತ್ತಡ ಜಾಸ್ತಿ ಬೀಳುವುದು ಬೇರೆ ಧರ್ಮದವರ ಮೇಲೆ ಅಂತ ನಾವು ತಿಳಿಯುತ್ತೇವೆ. ನಾನು ನೋಡಿದ್ದು ಬೇರೆ. ನನ್ನ ಮೇಲಿನವರು ಒಬ್ಬರು ಹಿಂದೂ ಹುಡುಗರಿಗೆ ಏನೂ ಹೇಳುತ್ತಿರಲಿಲ್ಲ. ನಮ್ಮ ಮುಸ್ಲಿಂ ಹುಡುಗರನ್ನು ಮಾತ್ರ "ನಿನ್ನೆ ಯಾಕೆ ನಮಾಜಿಗೆ ಕಾಣಲಿಲ್ಲ?" ಅಂತ ಎಲ್ಲರ ಮುಂದೆ ಕೇಳುತ್ತಿದ್ದರು. ಪಾಪ, ಒಬ್ಬ ಹುಡುಗ ಆ ಕಾರಣಕ್ಕೇ ಬೇರೆ ಶಾಖೆಗೆ ಹಾಕಿಸಿಕೊಂಡು ಹೋದ. ಮೇಡಂ, ನೀವೂ ಗಮನ ಇಡಬೇಕಾದದ್ದು ನಿಮ್ಮದೇ ಧರ್ಮದ ಹುಡುಗಿಯರ ಬಗ್ಗೆ.

ರಂಜಾನ್ ತಿಂಗಳಲ್ಲಿ ಅಲ್ಲಿನ ಕಾನೂನಿನ ಪ್ರಕಾರ ದಿನದ ಕೆಲಸದಲ್ಲಿ 2 ಗಂಟೆ ಕಡಿಮೆ. ಅದು ಉಪವಾಸ ಇದ್ದವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಹಾಗಾಗಿ ಯಾರಿಗೆ ಉಪವಾಸ, ಯಾರಿಗೆ ಇಲ್ಲ ಅಂತ ಸೂಪರ್‌ವೈಸರ್ ಪತ್ತೆ ಮಾಡಬೇಕಾದ ಪ್ರಸಂಗವೇ ಬರುವುದಿಲ್ಲ. ನನಗೆ ಅದು ಬಹಳ ಹಿಡಿಸಿತು.

ಬೇಳದವಳು, ಫೈನಾನ್ಸ್ ಕಚೇರಿಯಲ್ಲಿ ಕೆಲಸ

ನಾನು ಮ್ಯಾನೇಜರ್ ಅಲ್ಲ, ಸ್ಟಾಫ್. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮ ಮ್ಯಾನೇಜರ್ ಶನಿವಾರ ಸಂಜೆ ಭಜನೆಗೆ ಎಲ್ಲರನ್ನೂ ಕರೆಯುತ್ತಾರೆ. ಯಾರಿಗೂ ಒತ್ತಾಯ ಇಲ್ಲ. ನಾನು ಹೋಗುವುದಿಲ್ಲ, ಅದಕ್ಕೆ ಅವರು ಒಂದು ಮಾತೂ ಅಂದಿಲ್ಲ. ಆದರೆ ಭಜನೆ ಮುಗಿದು ಅವಲಕ್ಕಿ ತಿನ್ನುವಾಗ ಆಫೀಸಿನ ಮಾತು ಬಂದೇ ಬರುತ್ತದೆ. ಯಾವ ಶಾಖೆಯಲ್ಲಿ ಜಾಗ ಖಾಲಿ, ಮುಂದಿನ ತಿಂಗಳ ಟಾರ್ಗೆಟ್ ಎಷ್ಟು, ಯಾರನ್ನು ಟ್ರೈನಿಂಗಿಗೆ ಕಳಿಸುವುದು. ಸೋಮವಾರ ನಾನು ಬರುವಾಗ ಅದೆಲ್ಲ ಅರ್ಧ ತೀರ್ಮಾನ ಆಗಿರುತ್ತದೆ. ನನಗೆ ಭಜನೆಯಿಂದ ನೋವಾಗಲಿಲ್ಲ, ಅವಲಕ್ಕಿಯ ಹೊತ್ತಿನ ಮಾತಿನಿಂದ ಆಯಿತು. ಆ ಮಾತನ್ನು ಸೋಮವಾರಕ್ಕೆ ಇಟ್ಟರೆ ಸಾಕು.

ಗ್ರೂಪಿಗೆ ಫೋಟೋ ಬೇಡ ಅಕ್ಕ. ಮ್ಯಾನೇಜರ್ ಹಾಕಿದ ಫೋಟೋಕ್ಕೆ ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಾರೆ. ಹಾಕದವರ ಹೆಸರು ಯಾರೂ ಹೇಳದಿದ್ದರೂ ಎದ್ದು ಕಾಣುತ್ತದೆ. ನಿಮ್ಮ ಸ್ಟೇಟಸ್‌ನಲ್ಲಿ ಹಾಕಿ, ನೋಡುವವರು ನೋಡುತ್ತಾರೆ.

"ಯಾವ ತರವಾಡು (ಮೂಲ ಮನೆತನ), ಮನೆಯ ದೈವ ಯಾವುದು?" ಅಂತ ಹೊಸಬರನ್ನು ಕೇಳುವ ಅಭ್ಯಾಸವೂ ಉಂಟು. ಕೇಳುವವರಿಗೆ ಅದು ಪ್ರೀತಿಯ ಮಾತು. ಉತ್ತರ ಹೇಳಿದ ಕೂಡಲೇ ಜಾತಿ ಗೊತ್ತಾಗುತ್ತದೆ. ನನ್ನ ಪಕ್ಕದ ಸೀಟಿನವಳು ಪ್ರತಿ ಸಲವೂ ಮಾತು ಬೇರೆ ಕಡೆ ತಿರುಗಿಸುತ್ತಾಳೆ.

ಒಂದು ಒಳ್ಳೆಯದನ್ನೂ ಹೇಳಬೇಕು. ಕಳೆದ ವರ್ಷ ಇದೇ ಮ್ಯಾನೇಜರ್ ಆಗಸ್ಟಿನಲ್ಲೇ ಕೇಳಿದರು, "ನಿಮ್ಮ ತೆನೆ ಹಬ್ಬ ಸೆಪ್ಟೆಂಬರ್ 8ಕ್ಕೆ ಅಲ್ವಾ? ಡ್ಯೂಟಿ ಹಾಕುವ ಮೊದಲು ರಜೆ ಬರೆದು ಕೊಡಮ್ಮ." ಮೊಂತಿ ಫೆಸ್ತಿಗೆ, ಅಂದರೆ ನಮ್ಮ ಈ ತೆನೆ ಹಬ್ಬಕ್ಕೆ, ನಾನಾಗಿ ಕೇಳದೆ ರಜೆ ಸಿಕ್ಕಿದ್ದು ಅದೇ ಮೊದಲು. ಮನೆಯಲ್ಲಿ ಎಲ್ಲರ ಜತೆ ಹೊಸ ಅಕ್ಕಿಯ ಊಟ ಮಾಡಿದೆ. ಅವರು ದೇವರನ್ನು ನಂಬುವವರಾದ್ದರಿಂದಲೇ ನನ್ನ ಹಬ್ಬ ಅವರಿಗೆ ನೆನಪಿತ್ತು ಅಂತ ನನಗೆ ಅನಿಸುತ್ತದೆ.

ವಕೀಲರು, ಕಾಸರಗೋಡು

ಕಾನೂನಿನ ಭಾಗ ಚಿಕ್ಕದಾಗಿ. ಸಂವಿಧಾನದ 25ನೇ ವಿಧಿ ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಕೇರಳದ್ದೇ ಒಂದು ಕೇಸು 1986ರಲ್ಲಿ ತೀರ್ಮಾನವಾಯಿತು. ಮೂವರು ಶಾಲಾ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಅವರ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದ್ದರು. ವಾಪಸ್ ಸೇರಿಸಿಕೊಳ್ಳಬೇಕು ಅಂತ ಕೋರ್ಟ್ ಆದೇಶ ಮಾಡಿತು. ಮಾತಾಡುವ ಹಕ್ಕಿನ ಒಳಗೆ ಸುಮ್ಮನಿರುವ ಹಕ್ಕೂ ಉಂಟು ಅಂತ ಆ ತೀರ್ಪಿನಿಂದ ಗಟ್ಟಿಯಾಯಿತು. ರಶೀದಿ ಪುಸ್ತಕದ ಮಾತು ಬಂದದ್ದಕ್ಕೆ ಹೇಳುತ್ತೇನೆ: 27ನೇ ವಿಧಿಯ ಪ್ರಕಾರ ಒಂದು ಧರ್ಮವನ್ನು ಬೆಳೆಸಲೆಂದೇ ತೆರಿಗೆ ಕಟ್ಟಿ ಅಂತ ಸರ್ಕಾರವೂ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ.

ಆದರೆ ಈ ಹಕ್ಕುಗಳೆಲ್ಲ ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥವು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾನೂನು ಉಂಟು, 15 ಅಥವಾ ಜಾಸ್ತಿ ಕೆಲಸಗಾರರಿರುವ ಖಾಸಗಿ ಕಂಪನಿಯೂ ಧರ್ಮ ನೋಡಿ ಭೇದ ಮಾಡುವಂತಿಲ್ಲ. ನಮ್ಮಲ್ಲಿ ಖಾಸಗಿ ಕೆಲಸಕ್ಕೆ ಅಂಥ ಒಂದು ಸಮಗ್ರ ಕಾನೂನು ಇಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಪರಿಶಿಷ್ಟದಲ್ಲಿ ಯೋಗ್ಯತೆ ನೋಡದೆ ಒಂದು ಗುಂಪಿನ ಕೆಲಸಗಾರರಿಗೆ ಪಕ್ಷಪಾತ ಮಾಡುವುದು ಅನುಚಿತ ಅಂತ ಬರೆದಿತ್ತು. 2020ರ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಂಟು. ಆದರೆ ಸೇಲ್ಸ್ ಹುಡುಗಿ ಅದನ್ನು ಹಿಡಿದು ಕೇಸು ನಡೆಸುವುದು ಕಷ್ಟ. ಹಬ್ಬದ ರಜೆಗೆ ಮಾತ್ರ ಕೇರಳದಲ್ಲಿ 1958ರ ಕಾನೂನೇ ಉಂಟು, ಸಂಬಳ ಸಹಿತ. ಕಾನೂನಿನ ಆಸರೆ ಕಡಿಮೆ ಇರುವುದರಿಂದ ನಿಮ್ಮಂಥ ಮ್ಯಾನೇಜರ್ ಹೇಗೆ ನಡೆದುಕೊಳ್ಳುತ್ತೀರಿ ಎನ್ನುವುದೇ ಅವರಿಗೆ ಆಧಾರ.

ಮಂಜೇಶ್ವರ, ಪ್ರಿಂಟಿಂಗ್ ಪ್ರೆಸ್ ನೋಡಿಕೊಳ್ಳುವವರು

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಇಲ್ಲಿ ಹೇಳಿದ್ದೆಲ್ಲ ನನ್ನಂಥವರಿಗೂ ಅಷ್ಟೇ ಸರಿಯಾಗಿ ಅನ್ವಯ. ಮಾಲೆ ಹಾಕಿದ ಹುಡುಗನಿಗೆ "ಇದೆಲ್ಲ ಯಾಕೆ ಮಾರಾಯ" ಅಂತ ಮುದ್ರಣದ ಮೇಸ್ತ್ರಿ ನಕ್ಕರೆ ಅವನು ವಾಪಸ್ ನಗಬಹುದು. ಸಂಬಳ ಕೊಡುವ ನಾನು ನಕ್ಕರೆ ಅವನು ತಲೆ ತಗ್ಗಿಸಬೇಕಾಗುತ್ತದೆ. ಹಾಗಾಗಿ ನನ್ನ ವಾದಗಳನ್ನು ಗೆಳೆಯರ ಜತೆ ಮಾತ್ರ ಮಾಡುತ್ತೇನೆ.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗ್ರೂಪಿಗೆ ಫೋಟೋ ಹಾಕುವುದಿಲ್ಲ. ಆ ಹುಡುಗಿಗೆ ನಿನ್ನೆಯೇ ಬೆಳಗಿನ ಡ್ಯೂಟಿಗೆ ಬದಲು ಮಾಡಿ ಕೊಟ್ಟೆ, ಸಂಜೆ ಬೇಗ ಮನೆ ಸೇರಬಹುದು. ಇನ್ನೊಂದು ಕೇಳಬೇಕು. ಗಲ್ಲಾದ ಹತ್ತಿರ ದಿನಾ ದೀಪ ಹಚ್ಚುತ್ತೇವೆ, ಆಯುಧ ಪೂಜೆಯೂ ಉಂಟು. ಅದು ಮಾಲೀಕರ ಕ್ರಮ. ಈ ಸಲ ವ್ಯವಸ್ಥೆ ನನ್ನ ಮೇಲೆ ಬಂದಿದೆ.

ಬದಿಯಡ್ಕ ಕಡೆಯವರು

ಸಂತೋಷದಿಂದ ಮಾಡಿ ತಂಗಿ, ಅಂಗಡಿಯ ಹಳೆಯ ಕ್ರಮವನ್ನು ನಿಲ್ಲಿಸುವುದು ಬೇಡ. ದೀಪ ಹಚ್ಚುವುದನ್ನು ಡ್ಯೂಟಿ ಶೀಟಿನಲ್ಲಿ ಯಾರ ಹೆಸರಿಗೂ ಬರೆಯಬೇಡಿ, ನೀವೇ ಹಚ್ಚಿ. ಪೂಜೆಯ ಖರ್ಚು ಅಂಗಡಿ ಲೆಕ್ಕದಿಂದಲೇ ಹೋಗಲಿ, ಸ್ಟಾಫಿನಿಂದ ವಂತಿಗೆ ಎತ್ತಬೇಡಿ. ಆ ಹೊತ್ತಿಗೆ ಸ್ಟಾಕ್ ಎಣಿಸುವುದೋ ಬಿಲ್ ನೋಡುವುದೋ ಏನಾದರೂ ಒಂದು ಕೆಲಸ ಇಟ್ಟಿರಿ, ಪೂಜೆಗೆ ನಿಲ್ಲದವರು ಕೈಕಟ್ಟಿ ಮೂಲೆಯಲ್ಲಿ ನಿಲ್ಲುವಂತಾಗಬಾರದು. ಪ್ರಸಾದವನ್ನು ಒಬ್ಬೊಬ್ಬರ ಕೈಗೆ ಹಾಕುವ ಬದಲು ಮೇಜಿನ ಮೇಲೆ ಇಡಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಮಾಲೀಕರು ಹಬ್ಬಕ್ಕೆ ಸಿಹಿ ಪೊಟ್ಟಣವನ್ನೋ ಬೋನಸ್ಸನ್ನೋ ಕೊಡುವುದಿದ್ದರೆ ಪೂಜೆಯ ಜಾಗದಲ್ಲಿ ಬೇಡ. ಹಿಂದಿನ ದಿನವೇ ಎಲ್ಲರಿಗೂ ಕೊಟ್ಟು ಮುಗಿಸಲು ಹೇಳಿ.