ಈಜುವ ಮಗಳ ಭುಜದ ಶಕ್ತಿ: ಒಳಕ್ಕೆ 12, ಹೊರಕ್ಕೆ 7 ಅಂದ್ರೆ ಏನು?

ಪ್ರಶ್ನೆ: ಮೇಡಂ, ಮಗಳಿಗೆ 14 ವರ್ಷ. ಫ್ರೀಸ್ಟೈಲ್, ಬಟರ್‌ಫ್ಲೈ ಸ್ಪರ್ಧೆಗಳಲ್ಲಿ ಈಜುತ್ತಾಳೆ. ಒಂದು ತಿಂಗಳಿಂದ ಬಲ ಭುಜ ನೋವು ಅಂತಿದ್ದಾಳೆ. ಕೋಚ್ ಹೇಳಿದರು ಅಂತ ಒಂದು ಕಡೆ ಶಕ್ತಿ ಪರೀಕ್ಷೆ ಮಾಡಿಸಿದೆವು. ಅಂಗೈಯಲ್ಲಿ ಹಿಡಿಯೋ ಚಿಕ್ಕ ಮೀಟರಿಗೆ ತಳ್ಳಿಸಿ, ಒಳಕ್ಕೆ 12 ಕೆಜಿ, ಹೊರಕ್ಕೆ 7 ಕೆಜಿ, ಶಕ್ತಿ ಚೆನ್ನಾಗಿದೆ ಅಂದರು. ಮತ್ತೆ ನೋವು ಯಾಕೆ?

ಉತ್ತರ (ಫಿಸಿಯೋ): 12 ಚೆನ್ನಾಗಿಯೇ ಇದೆ. ನಾನು ನೋಡುವುದು ಅದರ ಪಕ್ಕದ 7ನ್ನು. ನೀರನ್ನು ಹಿಂದಕ್ಕೆ ಎಳೆಯುವ ಎದೆ, ಬೆನ್ನಿನ ದೊಡ್ಡ ಸ್ನಾಯುಗಳೇ ತೋಳನ್ನು ಒಳಕ್ಕೆ ತಿರುಗಿಸುತ್ತವೆ, ದಿನಾ ಈಜಿ ಈಜಿ ಅವು ಬಲಿಯುತ್ತವೆ. ಹೊರಕ್ಕೆ ತಿರುಗಿಸುವ ಸ್ನಾಯುಗಳು ಚಿಕ್ಕವು, ತೋಳಿನ ಮೂಳೆಯ ಗುಂಡನ್ನು ಬಟ್ಟಲಲ್ಲಿ ಸರಿಯಾಗಿ ಕೂರಿಸುವ ಕೆಲಸ ಅವುಗಳದ್ದು. ಅವಕ್ಕೆ ನೀರಲ್ಲಿ ಅಷ್ಟು ಕಸರತ್ತು ಸಿಗಲ್ಲ. ಹೊರಗಿನದು ಒಳಗಿನದರ ಮುಕ್ಕಾಲು ಭಾಗವಾದರೂ ಇರಲಿ ಅಂತ ನಾನು ನೋಡುತ್ತೇನೆ. ನಿಮ್ಮ ಮಗಳದು ಸುಮಾರು 58%. ಅದಿರಲಿ, ಯಾವಾಗ ಅಳೆದರು, ಹೇಗೆ?

ಪ್ರಶ್ನೆ: ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿಕೊಂಡು ಸೀದಾ ಹೋಗಿದ್ವಿ, 5 ಕಿಲೋಮೀಟರ್ ಈಜಿದ್ದಳು. ನಿಂತುಕೊಂಡೇ ತಳ್ಳಿದಳು, ಒಂದೊಂದೇ ಸಲ.

ಉತ್ತರ: ಹಾಗಾದ್ರೆ ಆ ಅಂಕಿಯನ್ನು ಪೂರ್ತಿ ನಂಬಬೇಡಿ. 5 ಕಿಲೋಮೀಟರ್ ಅಂದ್ರೆ 25 ಮೀಟರ್ ಪೂಲಲ್ಲಿ 200 ಲ್ಯಾಪ್. ಲ್ಯಾಪಿಗೆ ಒಂದು ಕೈ 8 ಸಲ ಎಳೆದರೂ 1,600 ಸಲ ಆಯ್ತು, ಅಷ್ಟು ದಣಿದ ಭುಜ ಎಷ್ಟು ತಳ್ಳೀತು? ಇನ್ನೊಮ್ಮೆ ಅಳೆಸಿ, ಪ್ರಾಕ್ಟೀಸಿಗೆ ಮುಂಚೆ. ಮಲಗಿಸಿ, ಮೊಣಕೈ ಮಡಿಸಿ, ಮೇಲ್ದೋಳಿನ ಕೆಳಗೆ ಮಡಚಿದ ಟವೆಲ್ ಇಟ್ಟು, ಮೀಟರನ್ನು ಪ್ರತಿ ಸಲ ಮಣಿಕಟ್ಟಿನ ಹತ್ತಿರ ಅದೇ ಜಾಗದಲ್ಲಿ ಹಿಡಿಯಬೇಕು, ಜಾಗ ಎರಡು ಬೆರಳು ಜರುಗಿದರೂ ಅಂಕಿ ಬದಲಾಗುತ್ತದೆ. 5 ಸೆಕೆಂಡ್ ತಳ್ಳಲಿ, ಸ್ವಲ್ಪ ಬಿಡುವು, ಹೀಗೆ 3 ಸಲ, ಎರಡೂ ಕೈಗೆ. ಮಕ್ಕಳು ಜಾಸ್ತಿ ತಳ್ಳೋ ಹುಮ್ಮಸ್ಸಲ್ಲಿ ಉಸಿರು ಬಿಗಿಹಿಡಿದು ಭುಜವನ್ನೇ ಎತ್ತಿಬಿಡುತ್ತಾರೆ, ಅದನ್ನು ಲೆಕ್ಕಕ್ಕೆ ತಗೊಳ್ಳಬಾರದು. ಬಲವಾದ ಹುಡುಗರನ್ನು ಅಳೆಯುವಾಗ ನಾನು ಮೀಟರನ್ನು ಅಲುಗದ ಹಾಗೆ ಬೆಲ್ಟಿನಿಂದ ಬಿಗಿಯುತ್ತೇನೆ, ಇಲ್ಲಾಂದ್ರೆ ಸೋಲೋದು ನನ್ನ ಕೈ. ಅಂದಹಾಗೆ, ಹೊರಕ್ಕೆ ತಳ್ಳುವಾಗ ನೋವಿತ್ತಾ ಅಂತ ಕೇಳಿದ್ರಾ?

ಪ್ರಶ್ನೆ: ಇಲ್ಲ ಮೇಡಂ, ಅಲ್ಲಿ ಯಾರೂ ಕೇಳಲಿಲ್ಲ. ಈಗ ಕೇಳಿದೆ. ಚುಚ್ಚಿದ ಹಾಗಾಯ್ತು, ಅದಕ್ಕೇ ಅರ್ಧಕ್ಕೆ ಬಿಟ್ಟೆ ಅಂತಾಳೆ.

ಉತ್ತರ: ಹಾಗಿದ್ರೆ ಆ 7 ಅವಳ ಶಕ್ತಿ ಅಲ್ಲ, ನೋವು ಬಿಟ್ಟುಕೊಟ್ಟಷ್ಟು. ಶಕ್ತಿ ಬರಲಿ ಅಂತ ಈಗಲೇ ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆಸೋಕೆ ಹೋಗಬೇಡಿ. ಈ ವಾರ ಬಟರ್‌ಫ್ಲೈ ಮತ್ತು ಪ್ಯಾಡಲ್ (ಈಜುವಾಗ ಅಂಗೈಗೆ ಹಾಕಿಕೊಳ್ಳುವ ಹಲಗೆ) ಎರಡೂ ನಿಲ್ಲಿಸಿ, ಭುಜವನ್ನು ಕ್ರೀಡಾ ವೈದ್ಯರಿಗೆ ತೋರಿಸಿ. ನೋವು ಇಳಿದ ಮೇಲೆ ಅಳೆಯೋಣ.